ಮೈಸೂರು ಜೈಲಿನ ಐವತ್ತೊಂದು ಜನ

2000ನೇ ಇಸವಿಯ ಆಗಸ್ಟ್‌ನಲ್ಲಿ ನಮ್ಮ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಬೀಳುತ್ತಿತ್ತು. ಜುಲೈ 30ರ ರಾತ್ರಿ ದೊಡ್ಡಗಾಜನೂರಿನ ತೋಟದ ಮನೆಯಿಂದ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಕಾಡಿಗೆ ಕರೆದೊಯ್ದ ಮರುದಿನದಿಂದ ಗೀಟು ಹಾಕುವ ಕೆಲಸವನ್ನು ನಮ್ಮಜ್ಜಿ ತಾವಾಗಿಯೇ ವಹಿಸಿಕೊಂಡಿದ್ದರು. ನಾನಾಗ ಮೈಸೂರಿನಲ್ಲಿ ಪಿಯುಸಿ ಓದುತ್ತಿದ್ದೆ. ಬಾಗಿಲು ಮುಚ್ಚಿದ ಅಂಗಡಿಗಳು, ರಜೆ ಘೋಷಿಸಿದ ಕಾಲೇಜು, ಕಾಡಿನಿಂದ ಬರುವ ಕ್ಯಾಸೆಟ್‌ಗಳು, ಸಂಧಾನಕ್ಕೆಂದು ಹೋಗಿ ಬರುತ್ತಿದ್ದ ತಮಿಳು ಪತ್ರಕರ್ತ ನಕ್ಕೀರನ್ ಗೋಪಾಲ್, ಇವೆಲ್ಲ ನಮ್ಮ ದಿನಚರಿಯ ಭಾಗವಾಗಿಬಿಟ್ಟಿದ್ದವು. ವೀರಪ್ಪನ್ ಕಳಿಸಿದ ಬೇಡಿಕೆಗಳಲ್ಲಿ ಕಾವೇರಿ ನೀರಿನ ವಿಷಯವಿತ್ತು, ಬೆಂಗಳೂರಿನಲ್ಲಿ ಮುಸುಕು ಹೊದ್ದು ನಿಂತಿದ್ದ ತಿರುವಳ್ಳುವರ್ ಪ್ರತಿಮೆಯನ್ನು ಅನಾವರಣ ಮಾಡಬೇಕೆಂಬುದಿತ್ತು. ಇವುಗಳ ಜೊತೆಗೆ ಮೈಸೂರು ಜೈಲಿನಲ್ಲಿದ್ದ ಐವತ್ತೊಂದು ಜನ 'ಟಾಡಾ ಕೈದಿ'ಗಳನ್ನು, ಅಂದರೆ ಟಾಡಾ ಎಂಬ ಭಯೋತ್ಪಾದನೆ ತಡೆ ಕಾಯ್ದೆಯಡಿ ಬಂಧಿತರಾದವರನ್ನು, ಬಿಡಬೇಕೆಂಬ ಮಾತೂ ಇತ್ತು.

ಈ ಕೊನೆಯ ಬೇಡಿಕೆಯ ಬಗ್ಗೆ ನಮ್ಮ ಮನೆಯಲ್ಲಿ ಐದು ನಿಮಿಷವೂ ಚರ್ಚೆಯಾಗಲಿಲ್ಲ. ಬಿಟ್ಟುಬಿಡಲಿ, ಅಣ್ಣಾವ್ರು ಮನೆಗೆ ಬರಲಿ ಎಂದು ಎಲ್ಲರೂ ಅಂದೆವು. ಆ ಐವತ್ತೊಂದು ಜನ ಯಾರು, ಏಳು ವರ್ಷಗಳಿಂದ ನಮ್ಮದೇ ಊರಿನ ಜೈಲಿನಲ್ಲಿ ಏನು ಮಾಡುತ್ತಿದ್ದಾರೆ, ಅವರ ಮೇಲಿನ ಆರೋಪ ನಿಜವೋ ಸುಳ್ಳೋ ಎಂದು ಒಬ್ಬರೂ ಕೇಳಲಿಲ್ಲ. ಸರ್ಕಾರವೂ ಕೇಳಿದಂತೆ ಕಾಣಲಿಲ್ಲ. ಏಳು ವರ್ಷ ಯಾರನ್ನು ಭಯೋತ್ಪಾದಕರೆಂದು ಜಾಮೀನಿಲ್ಲದೆ ಇಟ್ಟುಕೊಂಡಿತ್ತೋ ಅವರ ಮೇಲಿನ ಟಾಡಾ ಆರೋಪಗಳನ್ನು ಕೈಬಿಡಲು ಒಂದು ತಿಂಗಳೊಳಗೆ ವಿಶೇಷ ನ್ಯಾಯಾಲಯಕ್ಕೆ ಅರ್ಜಿ ಹೋಯಿತು, ಅನುಮತಿಯೂ ಸಿಕ್ಕಿತು. ಆಗ ಒಬ್ಬ ಹಿರಿಯರು ಸುಪ್ರೀಂ ಕೋರ್ಟಿಗೆ ಹೋಗಿ ಇದನ್ನು ತಡೆದರು. ಅವರ ಹೆಸರು ಅಬ್ದುಲ್ ಕರೀಂ. 1992ರ ಆಗಸ್ಟ್ 14ರಂದು ಕೊಳ್ಳೇಗಾಲ ತಾಲ್ಲೂಕಿನ ಮೀಣ್ಯಂ ಬಳಿ ಹೊಂಚು ಹಾಕಿ ಕೂತಿದ್ದ ವೀರಪ್ಪನ್ ತಂಡ ಮೈಸೂರಿನ ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ ಅವರ ಜೊತೆ ಕೊಂದ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ ಇವರು.

ಆ ಮುದುಕರ ಮೇಲೆ ನನಗೆ ಆಗ ಸಿಟ್ಟು ಬಂದಿತ್ತು. ಮಗ ಹೋದ ದುಃಖ ಅರ್ಥವಾಗುತ್ತದೆ, ಆದರೆ ನಾಡೇ ಕಾಯುತ್ತಿರುವಾಗ ಅಡ್ಡ ನಿಲ್ಲುವುದು ಸರಿಯೇ ಎಂದು ಹದಿನೇಳರ ಹುಡುಗನ ತರ್ಕ ಹೇಳುತ್ತಿತ್ತು. ಇಪ್ಪತ್ತು ವರ್ಷಗಳ ನಂತರ, ಬೇರೊಂದು ಕೆಲಸಕ್ಕಾಗಿ ಹಳೆಯ ತೀರ್ಪುಗಳನ್ನು ತಿರುವಿ ಹಾಕುವಾಗ, 'ಅಬ್ದುಲ್ ಕರೀಂ ವಿರುದ್ಧ ಕರ್ನಾಟಕ ರಾಜ್ಯ' ಎಂಬ 2000ದ ನವೆಂಬರ್ 7ರ ತೀರ್ಪು ಕಣ್ಣಿಗೆ ಬಿತ್ತು. ಓದುತ್ತ ಹೋದಂತೆ ಹಳೆಯ ಸಿಟ್ಟಿನ ಜಾಗಕ್ಕೆ ನಾಚಿಕೆ ಬಂತು. ಭಯೋತ್ಪಾದನೆಯನ್ನು ಹತ್ತಿಕ್ಕುವಾಗ ಮಾನವ ಹಕ್ಕುಗಳಿಗೆ ಎಷ್ಟು ಜಾಗ ಇರಬೇಕು ಎಂಬ ಚರ್ಚೆ ಬಂದಾಗಲೆಲ್ಲ ನಾವು ಒಂದು ತಕ್ಕಡಿಯನ್ನು ಕಲ್ಪಿಸಿಕೊಳ್ಳುತ್ತೇವೆ. ಒಂದು ತಟ್ಟೆಯಲ್ಲಿ ಸತ್ತವರ ಕುಟುಂಬ, ಇನ್ನೊಂದರಲ್ಲಿ ಆರೋಪಿಗಳು. ಈ ಪ್ರಕರಣದಲ್ಲಿ ಆ ತಕ್ಕಡಿ ಕೆಲಸಕ್ಕೆ ಬರುವುದಿಲ್ಲ.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಗೋಪಿನಾಥಂನಲ್ಲಿ ಹುಟ್ಟಿ, ಆನೆ ಹೊಡೆದು, ಗಂಧ ಕಡಿದು ಬೆಳೆದ ವೀರಪ್ಪನ್ 1986ರಲ್ಲಿ ಒಮ್ಮೆ ಕೈಗೆ ಸಿಕ್ಕಿದ್ದ. ಸಾಮಾನ್ಯ ಕಾನೂನಿನಡಿಯಲ್ಲೇ ಬಂಧಿಸಲಾಗಿತ್ತು, ವಶದಲ್ಲಿದ್ದಾಗಲೇ ತಪ್ಪಿಸಿಕೊಂಡ. ವಿಶೇಷ ಕಾನೂನು ಬೇಕು ಎಂದು ವಾದಿಸುವವರು ಈ ಘಟನೆಯನ್ನು ನೆನಪಿಸಿಕೊಳ್ಳುವುದು ಅಪರೂಪ. ಕಾನೂನು ಮೆದುವಾಗಿದ್ದದ್ದರಿಂದ ಅವನು ಹೋದದ್ದಲ್ಲ, ಕಾವಲು ಸಡಿಲವಾಗಿದ್ದದ್ದರಿಂದ ಹೋದದ್ದು. ಆಮೇಲಿನದು ರಕ್ತದ ಲೆಕ್ಕ. 1991ರ ನವೆಂಬರ್‌ನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಶರಣಾಗುವ ನೆಪ ಹೇಳಿ ಕರೆಸಿಕೊಂಡು ಕೊಂದ. ಗೋಪಿನಾಥಂನಲ್ಲೇ ಉಳಿದು, ಜನರಿಗೆ ಔಷಧಿ ಕೊಡಿಸಿ, ಮಾರಮ್ಮನ ಗುಡಿ ಕಟ್ಟಿಸಲು ಮುಂದಾಗಿ, ಊರನ್ನು ವೀರಪ್ಪನ್‌ನಿಂದ ಬಿಡಿಸಿಕೊಳ್ಳಲು ಹೊರಟಿದ್ದ ಅಧಿಕಾರಿ ಅವರು. ಅವರ ದಾರಿ ನಿಧಾನದ್ದು, ಅದರ ಬೆಲೆಯನ್ನು ಅವರೇ ತೆತ್ತರು. ವೀರಪ್ಪನ್‌ನ ಊರಿನ ಜನ ಇಂದಿಗೂ ನೆನೆಯುವ ಸರ್ಕಾರಿ ನೌಕರ ಯಾರು ಎಂದು ಕೇಳಿದರೆ ಸಿಗುವ ಉತ್ತರ ಅವರದೇ ಹೆಸರು.

1992ರಲ್ಲಿ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು, ಮೀಣ್ಯಂ ಆಯಿತು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಜನ ಸತ್ತರು. ಸತ್ತವರಲ್ಲಿ ಪೊಲೀಸರಿದ್ದರು, ಅರಣ್ಯ ಇಲಾಖೆಯವರಿದ್ದರು, ದಾರಿ ತೋರಿಸಲು ಬಂದಿದ್ದ ಸ್ಥಳೀಯ ಮಾಹಿತಿದಾರರಿದ್ದರು. ಇದನ್ನು ಭಯೋತ್ಪಾದನೆ ಎನ್ನದೆ ಬೇರೇನೂ ಅನ್ನಲಾಗದು. ಪತ್ರಿಕೆಗಳು ಅವನನ್ನು ದಂತಚೋರ, ಕಾಡುಗಳ್ಳ ಎಂದು ಕರೆಯುತ್ತಿದ್ದದ್ದು ನನಗೆ ಈಗ ವಿಚಿತ್ರವಾಗಿ ತೋರುತ್ತದೆ. ಪಾಲಾರ್ ಆದ ಮೇಲೆ ಅದು ಕಳ್ಳತನದ ಪದಕೋಶಕ್ಕೆ ಸೇರುವ ವಿಷಯವಾಗಿರಲಿಲ್ಲ. ಆಗ ಕೊಳ್ಳೇಗಾಲ ಇನ್ನೂ ಮೈಸೂರು ಜಿಲ್ಲೆಯಲ್ಲೇ ಇತ್ತು, ಚಾಮರಾಜನಗರ ಬೇರೆಯಾದದ್ದು 1997ರಲ್ಲಿ. ಹಾಗಾಗಿ ಹನೂರು, ಮಾರ್ಟಳ್ಳಿ, ಬೆಟ್ಟದ ಆಸುಪಾಸಿನ ಹಳ್ಳಿಗಳಿಂದ ಹಿಡಿದು ತಂದ ನೂರಕ್ಕೂ ಹೆಚ್ಚು ಜನರ ಮೊಕದ್ದಮೆ ಮೈಸೂರಿನ ಟಾಡಾ ನ್ಯಾಯಾಲಯಕ್ಕೆ ಬಂತು.

ಟಾಡಾ ಎಂದರೆ ಭಯೋತ್ಪಾದನೆ ಮತ್ತು ವಿಧ್ವಂಸಕ ಚಟುವಟಿಕೆಗಳ ತಡೆ ಕಾಯ್ದೆ. ಪಂಜಾಬಿನ ಹಿಂಸಾಚಾರದ ಹಿನ್ನೆಲೆಯಲ್ಲಿ 1985ರಲ್ಲಿ ಹುಟ್ಟಿ, 1987ರಲ್ಲಿ ಮರುರೂಪ ಪಡೆದ ಈ ಕಾಯ್ದೆಯನ್ನು ಕಾಡಂಚಿನ ಹಳ್ಳಿಗೆ ತಂದು ನಿಲ್ಲಿಸಿದರೆ ಏನಾಗುತ್ತದೆಂದು ನೋಡಬೇಕು. ವೀರಪ್ಪನ್ ಬಂದೂಕು ಹಿಡಿದು ಅಕ್ಕಿ ಕೇಳಿದರೆ ಅಕ್ಕಿ ಕೊಟ್ಟವನು ಭಯೋತ್ಪಾದಕನಿಗೆ ನೆರವಾದವನು. ದಾರಿಯಲ್ಲಿ ಅವನನ್ನು ಕಂಡೂ ಹೇಳದೆ ಸುಮ್ಮನಿದ್ದವನು ಅವನಿಗೆ ಆಶ್ರಯ ಕೊಟ್ಟವನು. ಕೆಲವು ವರ್ಷಗಳ ಹಿಂದೆ ಮಾದಪ್ಪನ ಬೆಟ್ಟಕ್ಕೆ ಹೋಗಿ ಬರುವಾಗ ಟೀ ಅಂಗಡಿಯ ಯಜಮಾನರೊಬ್ಬರು ಇದನ್ನು ಒಂದೇ ಮಾತಿನಲ್ಲಿ ಹೇಳಿದ್ದರು: "ಅವ್ನ್ಗ ಅನ್ನ ಇಕ್ಕುದ್ರ ಇವ್ರು ಹೊಡೀತಿದ್ರು, ಇವ್ರ್ಗ ಸುದ್ದಿ ಕೊಟ್ರ ಅವ್ನು ಕೊಲ್ತಿದ್ದ. ಎಲ್ಗ್ ಹೋಗದು ಬುದ್ಧೀ?" ಪಾಲಾರ್‌ನಲ್ಲಿ ಸತ್ತ ಮಾಹಿತಿದಾರರೂ ಮೈಸೂರು ಜೈಲು ಸೇರಿದ ಆರೋಪಿಗಳೂ ಇಂಥವೇ ಹಳ್ಳಿಗಳ ಜನ ಎಂಬುದನ್ನು ಮರೆಯಬಾರದು.

ಕಾಯ್ದೆಯ ಒಳಗೆ ಎರಡು ಗಂಟುಗಳಿದ್ದವು. ಆಗ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಕಾಯ್ದೆಯ ಪ್ರಕಾರ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಆರೋಪಿಯ ವಿರುದ್ಧ ಸಾಕ್ಷ್ಯವಾಗುತ್ತಿರಲಿಲ್ಲ. ಬ್ರಿಟಿಷರೇ ತಮ್ಮ ಪೊಲೀಸರನ್ನು ನಂಬದೆ ಬರೆದಿಟ್ಟ ಕಲಮು ಅದು. ಟಾಡಾ ಆ ಬೇಲಿಯನ್ನು ಕಿತ್ತು, ವರಿಷ್ಠಾಧಿಕಾರಿಯ ದರ್ಜೆಯ ಅಧಿಕಾರಿ ದಾಖಲಿಸಿದ ತಪ್ಪೊಪ್ಪಿಗೆ ಸಾಕ್ಷ್ಯವೆಂದು ಹೇಳಿತು. 1994ರ ಕರ್ತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೈಕಿ ಮೂವರು ಇದನ್ನು ಎತ್ತಿಹಿಡಿದರು; ಕೆ. ರಾಮಸ್ವಾಮಿ ಮತ್ತು ಆರ್.ಎಂ. ಸಹಾಯ್ ಒಪ್ಪಲಿಲ್ಲ. ಎರಡನೆಯ ಗಂಟು ಜಾಮೀನಿನದು. ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆಯೆಂದು ನ್ಯಾಯಾಧೀಶರಿಗೆ ಮನವರಿಕೆಯಾಗದ ಹೊರತು ಬಿಡುವಂತಿಲ್ಲ. ವಿಚಾರಣೆಯೇ ನಡೆಯದಿರುವಾಗ ಮನವರಿಕೆ ಮಾಡಿಕೊಡುವುದು ಹೇಗೆ? ವಿಚಾರಣೆ ತ್ವರಿತವಾಗಿ ಮುಗಿಯಲೆಂದೇ ವಿಶೇಷ ನ್ಯಾಯಾಲಯ ಎಂಬುದು ಶಾಸಕಾಂಗದ ವಾದವಾಗಿತ್ತು. ಮೈಸೂರಿನಲ್ಲಿ ಆ ತ್ವರೆಗೆ ಎಂಟು ವರ್ಷ ಹಿಡಿಯಿತು.

ಇಡೀ ದೇಶದ ಲೆಕ್ಕವೂ ಹೀಗೆಯೇ ಇತ್ತು. ಟಾಡಾ ಅಡಿಯಲ್ಲಿ ಬಂಧಿತರಾದವರ ಸಂಖ್ಯೆ ಎಪ್ಪತ್ತು ಸಾವಿರ ದಾಟಿತ್ತು, ಶಿಕ್ಷೆಯಾದದ್ದು ಅದರಲ್ಲಿ ತೀರಾ ಸಣ್ಣ ಪಾಲಿಗೆ. ಪಾಲಾರ್ ಸ್ಫೋಟವಾದ ವರ್ಷವೇ ಸ್ಥಾಪನೆಯಾದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಮೊದಲ ಅಧ್ಯಕ್ಷ, ನ್ಯಾಯಮೂರ್ತಿ ರಂಗನಾಥ ಮಿಶ್ರ, 1995ರ ಆರಂಭದಲ್ಲಿ ಸಂಸತ್ ಸದಸ್ಯರಿಗೆ ಪತ್ರ ಬರೆದು ಕಾಯ್ದೆಯನ್ನು ಮುಂದುವರಿಸಬೇಡಿ ಎಂದು ಕೇಳಿಕೊಂಡರು. ಆ ಮೇ ತಿಂಗಳಲ್ಲಿ ಟಾಡಾ ಅವಧಿ ಮುಗಿಯಿತು. ಆದರೆ ಕಾಯ್ದೆ ಸತ್ತರೂ ಅದರಡಿಯ ಮೊಕದ್ದಮೆಗಳು ಸಾಯಲಿಲ್ಲ. ಮೈಸೂರಿನ ಆರೋಪಿಗಳು ದೇಶವೇ ಬೇಡವೆಂದು ಬಿಟ್ಟ ಕಾನೂನಿನಡಿಯಲ್ಲಿ ಇನ್ನೂ ಆರು ವರ್ಷ ಒಳಗೇ ಉಳಿದರು.

ಜೈಲಿನ ಹೊರಗೆ ನಡೆದದ್ದು ಇನ್ನೊಂದು ಕಥೆ. ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆ ಮಲೆಮಹದೇಶ್ವರ ಬೆಟ್ಟದಲ್ಲಿ ಬೀಡುಬಿಟ್ಟಿತ್ತು. ಆ ಶಿಬಿರದಲ್ಲಿ 'ವರ್ಕ್‌ಶಾಪ್' ಎಂದು ಕರೆಯುತ್ತಿದ್ದ ಕೋಣೆಯ ಬಗ್ಗೆ, ಅಲ್ಲಿ ವಿದ್ಯುತ್ ಶಾಕ್ ಕೊಡುತ್ತಿದ್ದ ಬಗ್ಗೆ, ತಿಂಗಳುಗಟ್ಟಲೆ ಯಾವ ದಾಖಲೆಯೂ ಇಲ್ಲದೆ ಕೂಡಿಹಾಕುತ್ತಿದ್ದ ಬಗ್ಗೆ ಹಳ್ಳಿಗರು ಸಾಕ್ಷ್ಯ ಹೇಳಿದರು. ಅದನ್ನು ಕೇಳಿಸಿಕೊಳ್ಳಲು ಮಾನವ ಹಕ್ಕುಗಳ ಆಯೋಗ 1999ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿಯನ್ನು ನೇಮಿಸಿತು. 2003ರಲ್ಲಿ ವರದಿ ಬಂತು. 2007ರ ಜನವರಿಯಲ್ಲಿ ಆಯೋಗ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಮಧ್ಯಂತರ ಪರಿಹಾರವನ್ನು ಶಿಫಾರಸು ಮಾಡಿತು. ಆಯೋಗಕ್ಕೆ ಅದಕ್ಕಿಂತ ಹೆಚ್ಚಿನ ಅಧಿಕಾರವಿಲ್ಲ, ಅದು ಶಿಫಾರಸು ಮಾಡಬಹುದು ಅಷ್ಟೆ. ದುಡ್ಡು ಕೊಡುವುದೆಂದರೆ ತಪ್ಪಾಗಿದೆ ಎಂದು ಒಪ್ಪಿದಂತೆ, ಆದರೆ ಯಾರ ತಪ್ಪು ಎಂದು ಹೇಳದೆ ಒಪ್ಪಿದಂತೆ.

ಗಡಿಯಾಚೆಯ ವಾಚಾತ್ತಿಯನ್ನು ಇಲ್ಲಿ ನೆನೆಯುವುದು ಅನಿವಾರ್ಯ. ಧರ್ಮಪುರಿ ಜಿಲ್ಲೆಯ ಆ ಬುಡಕಟ್ಟು ಹಳ್ಳಿಯ ಮೇಲೆ 1992ರ ಜೂನ್ 20ರಂದು ಗಂಧದ ಮರ ಹುಡುಕುವ ಹೆಸರಿನಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳ ನೂರಾರು ಸಿಬ್ಬಂದಿ ದಾಳಿ ಮಾಡಿ ಮನೆಗಳನ್ನು ಹಾಳುಗೆಡವಿದರು, ಹದಿನೆಂಟು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು. ಅಲ್ಲಿ ಮಾತ್ರ ಮೊಕದ್ದಮೆ ನಡೆಯಿತು. ಹತ್ತೊಂಬತ್ತು ವರ್ಷ ಹಿಡಿಯಿತು. 269 ಆರೋಪಿಗಳಲ್ಲಿ 54 ಜನ ಅಷ್ಟರಲ್ಲಿ ಸತ್ತಿದ್ದರು. ಉಳಿದ 215 ಜನರೂ ತಪ್ಪಿತಸ್ಥರೆಂದು 2011ರಲ್ಲಿ ತೀರ್ಪಾಯಿತು, 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತೇವೆ. ಆ ಕಾಡಿನಲ್ಲಿ ಹಾವು ಪೊದೆಯೊಳಗೆ ಸುಖವಾಗಿತ್ತು, ಕೋಲು ಮುರಿದದ್ದು ದನ ಮೇಯಿಸುವವರ ಬೆನ್ನಿನ ಮೇಲೆ.

ಈಗ ಅಬ್ದುಲ್ ಕರೀಂ ಅವರ ಅರ್ಜಿಗೆ ಮರಳುತ್ತೇನೆ. ಆಗ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 321ನೇ ಕಲಮಿನ ಪ್ರಕಾರ ಮೊಕದ್ದಮೆಯನ್ನು ಹಿಂತೆಗೆದುಕೊಳ್ಳುವ ಅಧಿಕಾರ ಸರ್ಕಾರಿ ಅಭಿಯೋಜಕರದಾಗಿತ್ತು. ಸರ್ಕಾರ ಹೇಳಿತೆಂಬ ಮಾತ್ರಕ್ಕೆ ಸಹಿ ಹಾಕುವಂತಿರಲಿಲ್ಲ. ದಾಖಲೆಗಳನ್ನು ನೋಡಿ, ಹಿಂತೆಗೆತದಿಂದ ಸಾರ್ವಜನಿಕ ಹಿತ ಸಾಧಿಸುತ್ತದೆಯೇ ಎಂದು ತಾವೇ ಯೋಚಿಸಬೇಕಿತ್ತು, ನ್ಯಾಯಾಲಯವೂ ಅದನ್ನು ಪರಿಶೀಲಿಸಬೇಕಿತ್ತು. ಮೈಸೂರಿನಲ್ಲಿ ಅಂಥ ಯೋಚನೆ ನಡೆಯಲಿಲ್ಲ ಎಂಬುದು ನ್ಯಾಯಮೂರ್ತಿ ಎಸ್.ಪಿ. ಭರೂಚಾ ಅವರ ಪೀಠದ ನಿರ್ಣಯ. ಗಡಿಭಾಗದಲ್ಲಿ ಶಾಂತಿ ಉಳಿಯಲಿ ಎಂಬುದು ಅರ್ಜಿಯಲ್ಲಿ ಕೊಟ್ಟ ಕಾರಣ. ಬಿಡುಗಡೆಯಾದವರು ಮತ್ತೆ ಕಾಡು ಸೇರಿದರೆ ಏನು, ಬಿಡುಗಡೆಯ ಬೆಲೆ ಕೊಟ್ಟ ಮೇಲೂ ಒತ್ತೆಯಾಳು ಬರದಿದ್ದರೆ ಏನು ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರಲಿಲ್ಲ. ಹಿಂತೆಗೆತಕ್ಕೂ ಜಾಮೀನಿಗೂ ಕೊಟ್ಟ ಅನುಮತಿ ರದ್ದಾಯಿತು.

ಆ ತೀರ್ಪನ್ನು ಕಠಿಣ ತೀರ್ಪೆಂದು ಓದುವವರಿದ್ದಾರೆ: ಭಯೋತ್ಪಾದಕನ ಮುಂದೆ ಸರ್ಕಾರ ಮಣಿಯಬಾರದು ಎಂದದ್ದು ಎಂದು. ಅದು ನಿಜ. ಆದರೆ ನನಗೆ ಅದರಲ್ಲಿ ಕಂಡದ್ದು ಬೇರೆ. ಆ ತಂದೆ ಈ ಐವತ್ತೊಂದು ಜನರನ್ನು ಗಲ್ಲಿಗೇರಿಸಿ ಎಂದು ಕೇಳಲಿಲ್ಲ. ಇವರು ತಪ್ಪು ಮಾಡಿದ್ದಾರೆಯೇ ಇಲ್ಲವೇ ಎಂಬುದು ತೀರ್ಮಾನವಾಗದೆ ಕಡತ ಮುಚ್ಚಬೇಡಿ ಎಂಬುದೇ ಅವರ ವಾದದ ತಿರುಳು. ಜೈಲಿನೊಳಗಿದ್ದವರು ಏಳು ವರ್ಷಗಳಿಂದ ಕೇಳಬೇಕಾಗಿದ್ದದ್ದೂ ಅದನ್ನೇ. ಕೊಲೆಯಾದ ಪೊಲೀಸನ ತಂದೆಗೂ ಆರೋಪಿಯ ಹೆಂಡತಿಗೂ ಬೇಕಾಗಿದ್ದ ವಸ್ತು ಒಂದೇ ಆಗಿತ್ತು; ಇಬ್ಬರಿಗೂ ಅದನ್ನು ಕೊಡದೆ ಇದ್ದದ್ದು ಒಂದೇ ಸರ್ಕಾರ. ಆ ಸರ್ಕಾರ ಏಳು ವರ್ಷ ವಿಚಾರಣೆ ಮುಗಿಸದೆ ಆರೋಪಿಗಳಿಗೆ ಅನ್ಯಾಯ ಮಾಡಿತು, ಆಮೇಲೆ ವಿಚಾರಣೆಯನ್ನೇ ಕೈಬಿಡಲು ಹೊರಟು ಸತ್ತವರಿಗೆ ಅನ್ಯಾಯ ಮಾಡಿತು. ಎರಡೂ ಸಲ ಆ ಜನರ ಅಪರಾಧ ಅಥವಾ ನಿರಪರಾಧ ಲೆಕ್ಕಕ್ಕೆ ಬರಲಿಲ್ಲ, ಅವರು ಬರೀ ಚಲಾವಣೆಯ ನಾಣ್ಯವಾಗಿದ್ದರು. ನಿಜವಾಗಿಯೂ ಭಯೋತ್ಪಾದಕರಾಗಿದ್ದರೆ ಬಿಡಲು ಒಪ್ಪಿದ್ದು ಹೇಗೆ? ಬಿಡಬಹುದಾದವರಾಗಿದ್ದರೆ ಅಷ್ಟು ವರ್ಷ ಇಟ್ಟುಕೊಂಡದ್ದು ಏಕೆ?

ವಿಚಾರಣೆ ಕಡೆಗೂ ಮುಗಿದಾಗ, 2001ರ ಸೆಪ್ಟೆಂಬರ್‌ನಲ್ಲಿ, ಆರೋಪಿಗಳಲ್ಲಿ ಬಹುಪಾಲು ಜನ ಖುಲಾಸೆಯಾದರು. ಕೆಲವೇ ಜನರಿಗೆ ಶಿಕ್ಷೆಯಾಯಿತು. ಟಾಡಾ ಮೊಕದ್ದಮೆಯ ಮೇಲ್ಮನವಿ ಹೈಕೋರ್ಟನ್ನು ದಾಟಿ ನೇರ ಸುಪ್ರೀಂ ಕೋರ್ಟಿಗೆ ಹೋಗಬೇಕು, ನಡುವಿನ ಒಂದು ಮೆಟ್ಟಿಲು ಇರುವುದಿಲ್ಲ. ಹಾಗೆ ಹೋದ ಸೈಮನ್, ಜ್ಞಾನಪ್ರಕಾಶಂ, ಮೀಸೆಕಾರ ಮಾದಯ್ಯ, ಬಿಲವೇಂದ್ರನ್ ಎಂಬ ನಾಲ್ವರ ಜೀವಾವಧಿ ಶಿಕ್ಷೆಯನ್ನು 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಗಲ್ಲುಶಿಕ್ಷೆಗೆ ಏರಿಸಿತು. ಅವರ ಕ್ಷಮಾದಾನದ ಅರ್ಜಿ ರಾಷ್ಟ್ರಪತಿ ಭವನದಲ್ಲಿ ಒಂಬತ್ತು ವರ್ಷ ಕೂತು 2013ರ ಫೆಬ್ರವರಿಯಲ್ಲಿ ತಿರಸ್ಕೃತವಾಯಿತು. ಮರುವರ್ಷ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಷ್ಟು ಕಾಲ ನೇಣಿನ ನೆರಳಲ್ಲಿ ಕೂರಿಸಿದ್ದೇ ಕ್ರೌರ್ಯವೆಂದು, ಇವರೂ ಸೇರಿ ಹದಿನೈದು ಜನರ ಗಲ್ಲನ್ನು ಜೀವಾವಧಿಗೆ ಇಳಿಸಿತು. ಭಯೋತ್ಪಾದನೆಯ ಅಪರಾಧಿಗಳಿಗೆ ಬೇರೆ ನಿಯಮ ಎಂಬ ವಾದವನ್ನು ಪೀಠ ಒಪ್ಪಲಿಲ್ಲ. ಈ ತೀರ್ಪು ನನಗೆ ಮೆಚ್ಚುಗೆಯಾದರೂ, ಪಾಲಾರ್‌ನಲ್ಲಿ ಸತ್ತವರ ಮನೆಯವರು ಅದನ್ನು ಹೇಗೆ ಓದಿರಬಹುದು ಎಂದು ಯೋಚಿಸದೆ ಇರಲಾರೆ. ಅವರಿಗೂ ಇಪ್ಪತ್ತೊಂದು ವರ್ಷ ಕಳೆದಿತ್ತು.

ವೀರಪ್ಪನ್ ಮಾತ್ರ ಯಾವ ನ್ಯಾಯಾಲಯದಲ್ಲೂ ನಿಲ್ಲಲಿಲ್ಲ. 2004ರ ಅಕ್ಟೋಬರ್ 18ರ ರಾತ್ರಿ ಪಾಪ್ಪಾರಪಟ್ಟಿಯ ಬಳಿ, ಕಣ್ಣಿನ ಚಿಕಿತ್ಸೆಗೆಂದು ಆಂಬುಲೆನ್ಸ್ ಹತ್ತಿ ಬಂದವನು ಕೆ. ವಿಜಯಕುಮಾರ್ ನೇತೃತ್ವದ ತಮಿಳುನಾಡು ಕಾರ್ಯಪಡೆಯ ಗುಂಡಿಗೆ ಸತ್ತ. ಅವನನ್ನು ಕಾಡಿನಿಂದ ಹೊರಗೆ ತಂದದ್ದು ಹಳ್ಳಿಗಳನ್ನು ಜಾಲಾಡಿ ಹೊಡೆದ ಹತ್ತು ವರ್ಷಗಳಲ್ಲ. ತಂಡದ ಸುತ್ತ ನಿಧಾನವಾಗಿ ತಮ್ಮವರನ್ನು ಸೇರಿಸಿ ಕಾದ ಗುಪ್ತಚರ ಕೆಲಸ. ನೂರಕ್ಕೂ ಹೆಚ್ಚು ಜನರನ್ನು ಕೊಂದವನು, ಯಾರು ದುಡ್ಡು ಕೊಟ್ಟರು, ಯಾರು ಗಂಧ ಕೊಂಡರು, ಯಾವ ನಾಯಕರು ರಕ್ಷಣೆ ಕೊಟ್ಟರು ಎಂಬುದನ್ನು ಕಟಕಟೆಯಲ್ಲಿ ಹೇಳದೆ ಹೋದ. ಅಕ್ಕಿ ಹೊತ್ತವರು ಕಟಕಟೆಯಲ್ಲಿ ಎಂಟು ವರ್ಷ ನಿಂತರು, ಗಂಧ ಕೊಂಡವರು ಎಲ್ಲೂ ನಿಲ್ಲಲಿಲ್ಲ.

ಟಾಡಾ ಹೋದ ಮೇಲೆ 2002ರಲ್ಲಿ ಪೋಟಾ ಎಂಬ ಇನ್ನೊಂದು ಭಯೋತ್ಪಾದನೆ ತಡೆ ಕಾಯ್ದೆ ಬಂತು, ಎರಡು ವರ್ಷಕ್ಕೆ ಅದೂ ರದ್ದಾಯಿತು. ಗುಜರಾತಿನ ಅಕ್ಷರಧಾಮ ದೇವಾಲಯದ ದಾಳಿ ಪ್ರಕರಣದಲ್ಲಿ ಪೋಟಾ ತಪ್ಪೊಪ್ಪಿಗೆಗಳ ಮೇಲೆ ನಿಂತಿದ್ದ ಶಿಕ್ಷೆಗಳನ್ನು 2014ರ ಮೇ 16ರಂದು ಸುಪ್ರೀಂ ಕೋರ್ಟ್ ರದ್ದುಮಾಡಿ ಆರೂ ಜನರನ್ನು ಬಿಟ್ಟಿತು. ಲೋಕಸಭಾ ಚುನಾವಣೆಯ ಫಲಿತಾಂಶದ ದಿನ ಅದು, ಸುದ್ದಿಗೆ ಜಾಗವಿರಲಿಲ್ಲ. ಈಗಿನ ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಬೆಲೆಯಿಲ್ಲ, ಇಷ್ಟು ಪಾಠ ಕಲಿತಿದ್ದೇವೆ. ಆದರೆ ಕರ್ನಾಟಕದ್ದೇ ಆದ, 2000ದಲ್ಲಿ ರೂಪುಗೊಂಡ ಕೋಕಾ ಎಂಬ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆಯಲ್ಲಿ ಆ ಕಲಮು ಇಂದಿಗೂ ಇದೆ. ಜಾಮೀನಿನ ಗಂಟಂತೂ 2008ರ ಮುಂಬೈ ದಾಳಿಯ ನಂತರ ಯುಎಪಿಎಗೆ ಹಿಂತಿರುಗಿ ಬಂತು. ವಿಚಾರಣೆ ಹತ್ತಿರದಲ್ಲಿ ಮುಗಿಯುವ ಲಕ್ಷಣವಿಲ್ಲದಿದ್ದರೆ ಆ ಗಂಟನ್ನೂ ಮೀರಿ ಜಾಮೀನು ಕೊಡಬಹುದು ಎಂದು 2021ರ ನಜೀಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ನನಗೆ ಮೈಸೂರಿನ ನೆನಪಾಯಿತು. ಆ ಮಾತು 1996ರಲ್ಲೋ 97ರಲ್ಲೋ ಬಂದಿದ್ದರೆ ವೀರಪ್ಪನ್‌ಗೆ ಕೇಳಲು ಐವತ್ತೊಂದು ಜನ ಒಳಗೇ ಇರುತ್ತಿದ್ದರೋ ಇಲ್ಲವೋ.

ಸುಪ್ರೀಂ ಕೋರ್ಟಿನ ತೀರ್ಪು ಬಂದ ಎಂಟನೆಯ ದಿನ, ನವೆಂಬರ್ 15ರಂದು, ರಾಜ್‌ಕುಮಾರ್ ಬಿಡುಗಡೆಯಾದರು. ಟಾಡಾ ಕೈದಿಗಳು ಜೈಲಿನಲ್ಲೇ ಇದ್ದರು. ಅಜ್ಜಿ ನೂರೆಂಟನೆಯ ಗೀಟು ಹಾಕಿ, ಕ್ಯಾಲೆಂಡರಿಗೆ ಅರಿಶಿನ ಕುಂಕುಮ ಹಚ್ಚಿದರು. ಬೀದಿಯಲ್ಲಿ ಪಟಾಕಿ ಹೊಡೆದೆವು. ಮರುದಿನದ ಪತ್ರಿಕೆಯನ್ನು ಅಪ್ಪ ಜೋಪಾನವಾಗಿ ಮಡಿಸಿ ಟ್ರಂಕಿನಲ್ಲಿಟ್ಟರು, ಈಗಲೂ ಅದು ಅಲ್ಲಿದೆ. ಹತ್ತು ತಿಂಗಳ ನಂತರ, ಮನೆಯಿಂದ ಕೆಲವೇ ಮೈಲಿ ದೂರದ ನ್ಯಾಯಾಲಯದಲ್ಲಿ ಆ ಕೈದಿಗಳಲ್ಲಿ ಹೆಚ್ಚಿನವರು ನಿರ್ದೋಷಿಗಳೆಂದು ತೀರ್ಪಾಗಿ ಊರಿಗೆ ಹೊರಟರು. ಆ ದಿನದ ಪತ್ರಿಕೆಯೂ ನಮ್ಮ ಮನೆಗೆ ಬಂದಿರಲೇಬೇಕು. ಅದನ್ನು ಯಾರಾದರೂ ಓದಿ ಹೇಳಿದ ನೆನಪು ನನಗಿಲ್ಲ.